ಆಸ್ಪಿರೇಷನ್: ಹಂಬಲವೋ, ಉಸಿರೋ?

ಪ್ರಶ್ನೆ: ನಮ್ಮ ಅತ್ತೆಯವರನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕೊಟ್ಟ ಕಾಗದದಲ್ಲಿ ‘ಆಸ್ಪಿರೇಷನ್ ನ್ಯುಮೋನಿಯಾ’ ಎಂದಿತ್ತು. ಅದೇ ವಾರ ಮಗನ ಕಾಲೇಜಿನ ಅರ್ಜಿಯಲ್ಲಿ ‘ನಿಮ್ಮ ಆಸ್ಪಿರೇಷನ್ ಏನು?’ ಎಂದು ಕೇಳಿದ್ದರು. ಒಂದೇ ಪದ ಕಾಯಿಲೆಯೂ ಕನಸೂ ಆಗುವುದು ಹೇಗೆ? ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಎರಡಕ್ಕೂ ಮೂಲ ಉಸಿರು. ಲ್ಯಾಟಿನ್ನಿನಲ್ಲಿ ‘ಸ್ಪಿರಾರೆ’ ಎಂದರೆ ಉಸಿರಾಡುವುದು, ‘ಆಸ್ಪಿರಾರೆ’ ಎಂದರೆ ಒಂದರ ಕಡೆಗೆ ಉಸಿರೂದುವುದು. ಬೇಕಾದುದರತ್ತ ಜೀವ ತುಡಿಯುತ್ತದೆ ಎಂಬ ಭಾವದಿಂದ ಅದಕ್ಕೆ ಹಂಬಲವೆಂಬ ಅರ್ಥವೂ ಸೇರಿತು. ಪತ್ರಿಕೆಗಳು ಬರೆಯುವ ‘ಮಹತ್ವಾಕಾಂಕ್ಷೆ’ಗಿಂತ ಮಗನ ಅರ್ಜಿಗೆ ‘ಹಂಬಲ’ವೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ವೈದ್ಯರಿಗೆ ಈ ಪದ ಒಳಕ್ಕೆ ಸೆಳೆಯುವುದನ್ನು ಸೂಚಿಸುತ್ತದೆ. ಅನ್ನನಾಳಕ್ಕೆ ಹೋಗಬೇಕಾದ ಅನ್ನವೋ ನೀರೋ ಜೊಲ್ಲೋ ಶ್ವಾಸನಾಳಕ್ಕೆ ಇಳಿದು ಶ್ವಾಸಕೋಶದಲ್ಲಿ ಸೋಂಕು ತಂದಾಗ, ಅದು ನಿಮ್ಮ ಅತ್ತೆಯವರಿಗಾದ ನ್ಯುಮೋನಿಯಾ. ಶ್ವಾಸನಾಳದ ಬಲಗಡೆಯ ಕವಲು ಎಡದ್ದಕ್ಕಿಂತ ಅಗಲವಾಗಿ, ಹೆಚ್ಚು ನೇರವಾಗಿ ಇಳಿಯುವುದರಿಂದ ತೊಂದರೆ ಹೆಚ್ಚಾಗಿ ಬಲ ಶ್ವಾಸಕೋಶಕ್ಕೇ. (ನಾವು ‘ನೆತ್ತಿಗೇರಿತು’ ಎನ್ನುತ್ತೇವೆ, ದಿಕ್ಕು ತಲೆಕೆಳಗಾಗಿದ್ದರೂ ಸಂಗತಿ ಅದೇ.) ಗಂಟಿಗೆ ಸೂಜಿ ಚುಚ್ಚಿ ಜೀವಕೋಶಗಳನ್ನು ಹೀರಿ ತೆಗೆಯುವ ಪರೀಕ್ಷೆಗೂ ಇದೇ ಹೆಸರು. ಟರ್ಬೊ ಇಲ್ಲದೆ ತಾನೇ ಗಾಳಿ ಎಳೆದುಕೊಳ್ಳುವ ಎಂಜಿನ್ನನ್ನು ಕಾರಿನವರು ‘ನ್ಯಾಚುರಲಿ ಆಸ್ಪಿರೇಟೆಡ್’ ಎನ್ನುವುದೂ ಇದರಿಂದಲೇ.

ಆದರೆ ಈ ಪದಕ್ಕೆ ಉಸಿರನ್ನು ಉಳಿಸಿಕೊಂಡೇ ಸಮನಾದ ಪದ ನಮ್ಮಲ್ಲಿರುವುದು ಧ್ವನಿಶಾಸ್ತ್ರದಲ್ಲಿ: ಅಲ್ಲಿ ವ್ಯಂಜನವನ್ನು ಉಸಿರೊತ್ತಿ ನುಡಿಯುವುದೇ ಆಸ್ಪಿರೇಷನ್, ನಮ್ಮ ಮಹಾಪ್ರಾಣ. ಖ, ಘದಿಂದ ಫ, ಭದವರೆಗೆ ವರ್ಗೀಯ ವ್ಯಂಜನಗಳಲ್ಲಿ ಇಂಥವು 10. ಇಂಗ್ಲಿಷಿಗೆ ಇವುಗಳಿಗೆಂದು ಬೇರೆ ಅಕ್ಷರವಿಲ್ಲ, ಉಸಿರು ಮಾತ್ರ ಇದೆ. ತುಟಿಯ ಮುಂದೆ ತೆಳುವಾದ ಕಾಗದ ಹಿಡಿದು ಇಂಗ್ಲಿಷರಂತೆ ‘ಪಿನ್’ ಎಂದರೆ ಅದು ಅಲುಗುತ್ತದೆ, ‘ಸ್ಪಿನ್’ ಎಂದರೆ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ನಾವಾದರೋ ಅಕ್ಷರವಿದ್ದೂ ಉಸಿರನ್ನು ಬಿಡುವವರು. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ವಿರಳವಾದ ಕಾರಣ, ಆಡುಮಾತಿನಲ್ಲಿ ಭಾಷೆ ‘ಬಾಸೆ’ಯಾಗುತ್ತದೆ, ಧನ ‘ದನ’ವಾಗುತ್ತದೆ. ಊರಿನಲ್ಲಿ ಅದು ನಡೆದೀತು. ಡೊಂಬಿವಲಿಯಲ್ಲಿ ಮರಾಠಿ ಮಾತನಾಡುವಾಗ ‘ಘೋಡಾ’ ಎನ್ನಲು ಹೋಗಿ ‘ಗೋಡಾ’ ಎಂದರೆ, ಕುದುರೆಯ ಮಾತು ಕಿರಾಣಿ ಅಂಗಡಿಯ ‘ಗೋಡಾ ಮಸಾಲೆ’ಗೆ ಬಂದು ನಿಲ್ಲುತ್ತದೆ.