ಹಳೇ ಸ್ಪೋರ್ಟ್ಸ್ ಕಾರಿಗೆ ಆಕ್ಸಿಡೆಂಟ್ ಆದರೆ: ಮೊದಲು ಅಳತೆ, ಪವರ್ ಆಮೇಲೆ

ಈ ಅಂಕಣಕ್ಕೆ ಬರುವ ಪತ್ರಗಳದ್ದು ಇತ್ತೀಚೆಗೆ ಒಂದೇ ರಾಗ. ಹಳೇ ಸ್ಪೋರ್ಟ್ಸ್ ಕಾರು ಕೊಂಡಿರುತ್ತಾರೆ, ಎಲ್ಲೋ ಗುದ್ದಿರುತ್ತಾರೆ, ‘ಹೇಗೂ ಬಿಚ್ಚಿದ್ದೀವಲ್ಲ, ಇದೇ ನೆಪದಲ್ಲಿ ಪವರ್ ಎಷ್ಟು ಜಾಸ್ತಿ ಮಾಡಿಸಬಹುದು?’ ಅಂತ ಕೇಳುತ್ತಾರೆ. ಗಾಡಿ ನೆಟ್ಟಗಿದೆಯಾ ಅಂತ ಕೇಳುವವರೇ ಅಪರೂಪ. ಹಾಗಾಗಿ ಈ ಸಲ ಒಂದು ಪತ್ರಕ್ಕೆ ಉದ್ದವಾಗಿ ಉತ್ತರಿಸಿ, ಉಳಿದವನ್ನು ಬೇಗ ಮುಗಿಸುತ್ತೇನೆ. ಆಯಿಲ್ ಯಾವಾಗ ಬದಲಿಸಬೇಕು ಎನ್ನುವಂಥ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ. ಅಷ್ಟೂ ಗೊತ್ತಿಲ್ಲದಿದ್ದರೆ ಟರ್ಬೊ ಗಾಡಿಯ ಸಹವಾಸವೇ ಬೇಡ.

ಪ್ರಶ್ನೆ: ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಮಳೆಯಲ್ಲಿ ಜಾರಿ ಮುಂದಿನ ಬಲಮೂಲೆ ಡಿವೈಡರ್‌ಗೆ ಹೊಡೆಯಿತು. ಏರ್‌ಬ್ಯಾಗ್‌ಗಳು ತೆರೆದುಕೊಂಡವು, ನನಗೇನೂ ಆಗಲಿಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇತ್ತು. ನಮ್ಮೂರ ಟಿಂಕರಿಂಗ್ ಶಾಪಿನಲ್ಲಿ ಚೈನ್ ಹಾಕಿ ಎಳೆದು, ಬಾನೆಟ್, ಫೆಂಡರ್ ಬದಲಿಸಿ ಪೇಂಟ್ ಮಾಡಿದ್ದಾರೆ. ನೋಡಲು ಹೊಸದರ ಹಾಗಿದೆ. ಆದರೆ ಗಾಡಿ ಬಲಕ್ಕೆ ಎಳೆಯುತ್ತೆ, ಬಲಗಡೆ ಮುಂದಿನ ಟೈರಿನ ಒಳಅಂಚು ಬೇಗ ಸವೆಯುತ್ತಿದೆ. ಎರಡು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಏರ್‌ಬ್ಯಾಗ್ ದುಬಾರಿ ಅಂತ ಬಿಟ್ಟು, ಎಲೆಕ್ಟ್ರಿಷಿಯನ್ ಕೈಯಲ್ಲಿ ಅದರ ಲೈಟ್ ಆರಿಸಿದ್ದೇನೆ. ಈಗ ಎರಡು ಲಕ್ಷದಲ್ಲಿ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಪವರ್ ಹೆಚ್ಚಿಸುವುದು) ಮಾಡಿಸಿ, ಗಾಡಿ ತಗ್ಗಿಸುವ ಆಸೆ. ಯಾವ ಟ್ಯೂನರ್ ಒಳ್ಳೆಯವರು? (ಹುಬ್ಬಳ್ಳಿಯ ಓದುಗರು)

ಉತ್ತರ: ಟ್ಯೂನರ್ ಹೆಸರು ಹೇಳುವುದಿಲ್ಲ. ಈ ಗಾಡಿಗೆ ಈಗ ಬೇಕಾಗಿರುವುದು ಟ್ಯೂನರ್ ಅಲ್ಲ, ಅಳತೆ ಪಟ್ಟಿ ಹಿಡಿದ ಮನುಷ್ಯ.

ರೋಗ ಏನೆಂದು ನಿಮ್ಮ ಪತ್ರವೇ ಹೇಳುತ್ತಿದೆ. ಬಲಕ್ಕೆ ಎಳೆಯುತ್ತೆ, ಬಲ ಟೈರಿನ ಒಳಅಂಚು ತಿನ್ನುತ್ತೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಹೋಗಲಿಲ್ಲ ಯಾಕೆಂದರೆ, ಈ ಗಾಡಿಯ ಮುಂಭಾಗದಲ್ಲಿ ಅಲೈನ್‌ಮೆಂಟ್‌ನವನು ತಿರುಗಿಸಿ ಹೊಂದಿಸಬಹುದಾದದ್ದು ಟೋ ಒಂದೇ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು. ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಹೊಂದಿಸಲು ಬೇರೆ ಬೋಲ್ಟೇ ಇಲ್ಲ. ಸಬ್‌ಫ್ರೇಮ್ (ಬಾಡಿಯ ಕೆಳಗೆ ಬೋಲ್ಟ್ ಹಾಕಿ ಕೂರಿಸಿದ, ಸಸ್ಪೆನ್ಷನ್ ಹೊರುವ ಚೌಕಟ್ಟು) ಸಡಿಲಿಸಿ ಆಚೀಚೆ ತುಸು ಸರಿಸಿ ಎರಡೂ ಬದಿ ಸಮ ಮಾಡಬಹುದು, ಅಷ್ಟೇ. ಕ್ಯಾಸ್ಟರ್‌ಗೆ (ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಅದೂ ಇಲ್ಲ. ಹುಡುಗ ಟೋ ತಿರುಗಿಸುತ್ತಾನೆ, ಪರದೆಯಲ್ಲಿ ಆ ಒಂದು ಅಂಕಿ ಹಸಿರಾಗುತ್ತೆ, ‘ಓಕೆ ಸಾರ್’ ಅನ್ನುತ್ತಾನೆ. ಉಳಿದ ಅಂಕಿಗಳು ಕೆಂಪಗೇ ಕೂತಿರುತ್ತವೆ. ಅವನ್ನು ಯಾರೂ ನೋಡುವುದಿಲ್ಲ.

ಮತ್ತೆ ಹೋಗಿ ಪೂರ್ತಿ ಶೀಟ್ ಪ್ರಿಂಟ್ ಕೇಳಿ. ಕೊಡಲ್ಲ ಅಂದರೆ ಬೇರೆ ಅಂಗಡಿ ಹುಡುಕಿ. ಅದರಲ್ಲಿ ಮೂರು ಸಾಲು ನೋಡಿ: ಕ್ಯಾಸ್ಟರ್, ಕ್ಯಾಂಬರ್, ಎಸ್‌ಎಐ (ಮುಂದಿನಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷ ಒಳಕ್ಕೆ ವಾಲಿರುವ ಕೋನ). ಬಲಗಡೆ ಕ್ಯಾಸ್ಟರ್ ಎಡಕ್ಕಿಂತ ಕಡಿಮೆ ಇದ್ದರೆ ಚಕ್ರ ಹಿಂದಕ್ಕೆ ಸರಿದಿದೆ ಎಂದರ್ಥ. ಗಾಡಿ ಬಲಕ್ಕೆ ಎಳೆಯುವುದು ಅದಕ್ಕೇ. ಇದನ್ನು ಮನೆಯಲ್ಲೇ ಒರೆಗೆ ಹಚ್ಚಬಹುದು: ಸ್ಟಿಯರಿಂಗ್ ನೇರ ಇಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಎರಡೂ ಬದಿ ಅಳೆಯಿರಿ. ಆಮೇಲೆ ಕ್ಯಾಂಬರ್ ಮತ್ತು ಎಸ್‌ಎಐ ಕೂಡಿಸಿ. ಆ ಮೊತ್ತ ಎರಡೂ ಬದಿ ಒಂದೇ ಇದ್ದು, ಬಿಡಿ ಅಂಕಿಗಳು ಮಾತ್ರ ಬೇರೆಯಾಗಿದ್ದರೆ ನಕಲ್ (ಚಕ್ರದ ಹಬ್ ಹಿಡಿಯುವ ಲೋಹದ ಭಾಗ), ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಸರಿಯಿವೆ. ಬಾಡಿಯ ಸ್ಟ್ರಟ್ ಟವರೋ ಸಬ್‌ಫ್ರೇಮೋ ಸರಿದಿದೆ. ಮೊತ್ತವೇ ಬೇರೆಯಾಗಿದ್ದರೆ ನಕಲ್ ಅಥವಾ ಸ್ಟ್ರಟ್ ಬಗ್ಗಿದೆ. ಎರಡನೆಯದಾಗಿದ್ದರೆ ನಿಮ್ಮ ಅದೃಷ್ಟ; ಪಾರ್ಟ್ ಬದಲಿಸಿದರೆ ಮುಗಿಯಿತು. ಬಗ್ಗಿದ ನಕಲ್ ಅನ್ನು ಕಾಯಿಸಿ ನೇರ ಮಾಡಿಕೊಡುತ್ತೇನೆ ಅನ್ನುವವನ ಅಂಗಡಿಯಿಂದ ಮಾತ್ರ ಹಾಗೇ ಹೊರಗೆ ಬನ್ನಿ.

ಸರಿದಿರುವುದು ಬಾಡಿಯೇ ಆದರೆ ಎಷ್ಟು ಸರಿದಿದೆ ಎಂದು ನೋಡಬೇಕು. ಇದಕ್ಕೆ ದೊಡ್ಡ ಯಂತ್ರ ಬೇಕೇ ಬೇಕು ಅಂತಿಲ್ಲ. ಗಾರೆ ಕೆಲಸದವರ ತೂಗುಗುಂಡು, ಸೀಮೆಸುಣ್ಣ, ಸ್ಟೀಲ್ ಟೇಪು ಸಾಕು. ಗಾಡಿಯನ್ನು ಸಮ ನೆಲದ ಮೇಲೆ ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಎರಡೂ ಬದಿಯಲ್ಲಿ ಒಂದೇ ಥರ ಇರುವ ಜಾಗ ಆರಿಸಿ: ಮುಂದೆ ಸಬ್‌ಫ್ರೇಮ್ ಬೋಲ್ಟು ಕೂರುವ ಜಾಗ, ಹಿಂದೆ ಆಕ್ಸಲ್ ಬ್ರಾಕೆಟ್ಟಿನ ಬೋಲ್ಟು, ನಡುವೆ ಫ್ಲೋರಿನಲ್ಲಿ ಕಾರ್ಖಾನೆಯವರೇ ಕೊರೆದ ತೂತುಗಳು. ಒಂದೊಂದರ ನಡುವಿನಿಂದ ಗುಂಡು ಇಳಿಬಿಟ್ಟು, ಅದು ತೂಗುವುದು ನಿಂತ ಮೇಲೆ ತುದಿ ನೆಲ ತೋರಿಸುವಲ್ಲಿ ಸೀಮೆಸುಣ್ಣದಲ್ಲಿ ಚಿಕ್ಕ ಗುಣಾಕಾರದ ಗುರುತು ಹಾಕಿ. ಗಾಡಿ ಇಳಿಸಿ ಪಕ್ಕಕ್ಕೆ ತಳ್ಳಿದರೆ ಅದರ ನಕ್ಷೆ ನೆಲದ ಮೇಲೆ ಉಳಿದಿರುತ್ತೆ. ಈಗ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ: ಮುಂದಿನ ಎಡದಿಂದ ಹಿಂದಿನ ಬಲಕ್ಕೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ. ವ್ಯತ್ಯಾಸ 3 ಮಿಲಿಮೀಟರಿನ ಒಳಗಿದ್ದರೆ ಬಾಡಿಯನ್ನು ಮುಟ್ಟಬೇಡಿ. ಅದಕ್ಕಿಂತ ಹೆಚ್ಚಿದ್ದರೆ ಜಿಗ್ ಬೆಂಚ್ (ಬಾಡಿಯನ್ನು ಬಿಗಿದು, ಅಳೆಯುತ್ತ ನೇರ ಮಾಡುವ ಕಟ್ಟೆ) ಇರುವ ಕಡೆಗೆ ಒಯ್ಯಲೇಬೇಕು. ತೂಗುಗುಂಡು ಎತ್ತರದ ವ್ಯತ್ಯಾಸ ತೋರಿಸುವುದಿಲ್ಲ. ಅದಕ್ಕೆ ಅದೇ ಮೇಸ್ತ್ರಿಯ ಹತ್ತಿರ ಲೆವೆಲ್ ಪೈಪು ಕೇಳಿ ತನ್ನಿ. ಹಿಂದಿನ ಎರಡು ಬಿಂದುಗಳನ್ನು ಮಟ್ಟಕ್ಕೆ ತಂದು, ಮುಂದಿನವು ಮಟ್ಟಕ್ಕಿವೆಯೇ ನೋಡಿ.

ಇನ್ನು ಚೈನ್ ಹಾಕಿ ಎಳೆದ ವಿಷಯ. ಎಳೆಯುವುದು ತಪ್ಪಲ್ಲ, ಬೆಂಚಿನಲ್ಲೂ ಎಳೆಯುವುದೇ. ಆದರೆ ಅಲ್ಲಿ ಬಾಡಿಯನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಒಂದೊಂದು ಎಳೆತಕ್ಕೂ ಅಳೆಯುತ್ತಾರೆ. ಕಂಬಕ್ಕೋ ಮರಕ್ಕೋ ಕಟ್ಟಿ ಎಳೆದರೆ ಬಗ್ಗಿದ ಜಾಗ ಬಿಟ್ಟು ಗಟ್ಟಿ ಇರುವ ಜಾಗ ಸೊಟ್ಟಗಾಗುವುದೂ ಉಂಟು. ಎಳೆಯುವಾಗ ಗ್ಯಾಸ್ ಟಾರ್ಚ್ ಹಿಡಿದು ಕೆಂಪಗೆ ಕಾಯಿಸಿದರಾ ಎಂದು ವಿಚಾರಿಸಿ. ಎಂಜಿನ್ನಿನ ಎರಡೂ ಪಕ್ಕ ಮುಂದಕ್ಕೆ ಚಾಚಿರುವ ಚಾಸಿಸ್ ಲೆಗ್‌ಗಳಿಗೆ ಹಾಗೆ ಬೆಂಕಿ ತೋರಿಸಿದರೆ ಉಕ್ಕು ತನ್ನ ಬಲ ಕಳೆದುಕೊಳ್ಳುತ್ತೆ, ಮೇಲಿನ ಸತುವಿನ ಲೇಪ ಸುಟ್ಟು ತುಕ್ಕಿಗೆ ದಾರಿಯಾಗುತ್ತೆ. ಆ ಲೆಗ್‌ಗಳಲ್ಲಿ ಬೇಕೆಂದೇ ಮಡಿಕೆಗಳನ್ನು ಇಟ್ಟಿರುತ್ತಾರೆ, ಗುದ್ದಿದಾಗ ಅಲ್ಲೇ ಮಡಚಿಕೊಂಡು ಪೆಟ್ಟು ನುಂಗಲಿ ಅಂತ. ನಿಮ್ಮ ಗಾಡಿಯಲ್ಲಿ ಅದು ಒಮ್ಮೆ ಆ ಕೆಲಸ ಮಾಡಿ ಮುಗಿಸಿದೆ. ಬೈಂಡಿಂಗ್ ವೈರನ್ನು ಆಚೀಚೆ ಬಗ್ಗಿಸಿದರೆ ಏನಾಗುತ್ತೋ ಮಡಚಿ ಬಿಡಿಸಿದ ಲೆಗ್‌ಗೂ ಅದೇ ಆಗುತ್ತೆ. ಮಡಿಕೆ ಬಿದ್ದ ಭಾಗವನ್ನು ಕಂಪನಿ ಸೂಚಿಸಿದ ಜಾಗದಲ್ಲಿ ಕತ್ತರಿಸಿ ಹೊಸ ತುಂಡು ಮಿಗ್ ವೆಲ್ಡಿಂಗ್‌ನಲ್ಲಿ ಕೂರಿಸಬೇಕು, ಸೀಲರ್ ಹಚ್ಚಬೇಕು, ಲೆಗ್‌ನ ಟೊಳ್ಳಿನೊಳಗೆ ವ್ಯಾಕ್ಸ್ ಹೊಡೆಯಬೇಕು. ‘ಮೇಲೊಂದು ದಪ್ಪ ಪಟ್ಟಿ ವೆಲ್ಡ್ ಮಾಡಿದೀನಿ ಸಾರ್, ಮುಂಚೆಗಿಂತ ಸ್ಟ್ರಾಂಗು’ ಅನ್ನುವ ಮಹಾನುಭಾವರು ಪ್ರತಿ ಊರಲ್ಲೂ ಇದ್ದಾರೆ. ಹೌದು, ಸ್ಟ್ರಾಂಗೇ. ಮುಂದಿನ ಸಲ ಲೆಗ್ ಮಡಚುವುದಿಲ್ಲ, ಆ ಪೆಟ್ಟು ನೇರ ನಿಮ್ಮ ಕಾಲ ಬುಡಕ್ಕೆ ಬರುತ್ತೆ.

ಏರ್‌ಬ್ಯಾಗ್ ಲೈಟ್ ಆರಿಸಿದ ಎಲೆಕ್ಟ್ರಿಷಿಯನ್ ಬಗ್ಗೆ ಬರೆಯುವಾಗ ನನಗೆ ಸಮಾಧಾನ ಇರುವುದಿಲ್ಲ. ಅವನು ಏನನ್ನೂ ರಿಪೇರಿ ಮಾಡಿಲ್ಲ. ಬ್ಯಾಗ್ ಇದೆ ಎಂದು ಕಂಪ್ಯೂಟರ್ ನಂಬುವಂತೆ ರೆಸಿಸ್ಟರ್ ಸಿಕ್ಕಿಸಿದ್ದಾನೆ, ಇಲ್ಲವೇ ಬಲ್ಬನ್ನೇ ಕಿತ್ತಿದ್ದಾನೆ. ನಾಳೆ ನೀವು ಗಾಡಿ ಮಾರಿದರೆ, ಕೊಂಡವನ ಮನೆಯವರು ಬ್ಯಾಗ್ ಇದೆ ಎಂದು ನಂಬಿಯೇ ಕೂರುತ್ತಾರೆ. ಬ್ಯಾಗ್‌ಗಳ ಜೊತೆಗೆ ಸೀಟ್ ಬೆಲ್ಟಿನ ಪ್ರೀಟೆನ್ಷನರ್ (ಗುದ್ದಿದಾಗ ಬೆಲ್ಟ್ ಬಿಗಿಯುವ ಸಾಧನ) ಸಿಡಿದಿದ್ದರೆ ಆ ಬೆಲ್ಟೂ ಹೊಸದು ಬೇಕು, ಅದು ಒಂದೇ ಸಲ ಕೆಲಸ ಮಾಡುವ ವಸ್ತು. ಕಂಟ್ರೋಲ್ ಯೂನಿಟ್, ಸ್ಟಿಯರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಬ್ಯಾಗಿಗೆ ಕರೆಂಟು ಒಯ್ಯುವ ಸುರುಳಿ ತಂತಿ) ಪರೀಕ್ಷಿಸಬೇಕು. ಗುಜರಿಯಿಂದ ಬ್ಯಾಗ್ ತಂದು ಹಾಕಲೇ ಎಂದು ಬರೆಯಬೇಡಿ. ನೀರಿನಲ್ಲಿ ಮುಳುಗಿದ್ದ ಗಾಡಿಯದೋ, ಹರಿದ ಬಟ್ಟೆ ಹೊಲಿದು ಮಡಚಿಟ್ಟದ್ದೋ ನಿಮಗೆ ಗೊತ್ತಾಗುವುದಿಲ್ಲ. ನಿಮ್ಮ ಎರಡು ಲಕ್ಷದಲ್ಲಿ ದೊಡ್ಡ ಪಾಲು ಇಲ್ಲಿಗೇ ಹೋಗಲಿ. ಬೇಜಾರಾಗಬಹುದು, ಆಗಲಿ.

ಬಲಮೂಲೆಗೆ ಪೆಟ್ಟು ಬಿದ್ದಿದ್ದರಿಂದ ಇನ್ನೂ ಎರಡು ಕಡೆ ನೋಡಬೇಕು. ಈ ಗಾಡಿಯ ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ರೇಡಿಯೇಟರ್ ಮುಂದೆ ಇಲ್ಲ, ಬಲ ಚಕ್ರದ ಮುಂದೆ ಪ್ಲಾಸ್ಟಿಕ್ ಲೈನರ್ ಹಿಂದೆ ಅಡಗಿ ಕೂತಿದೆ. ಅದರ ತುದಿ ಬಿರುಕು ಬಿಟ್ಟರೆ ಹೊರಗಿನಿಂದ ಕಾಣದು. ಬೂಸ್ಟ್, ಅಂದರೆ ಟರ್ಬೊದ ಗಾಳಿಯೊತ್ತಡ, ಸೋರುತ್ತೆ, ಗಾಡಿ ಮಂಕಾಗುತ್ತೆ, ಮೆಕ್ಯಾನಿಕ್ ‘ಟರ್ಬೊ ಹೋಯ್ತು’ ಅಂತ ಸಾವಿರಾರು ರೂಪಾಯಿ ಬಿಲ್ ಬರೆಯುತ್ತಾನೆ. ಮೊದಲು ಗಾಳಿ ತುಂಬಿ, ಸೋಪಿನ ನೀರು ಚಿಮುಕಿಸಿ ಗುಳ್ಳೆ ಏಳುತ್ತಾ ನೋಡಿ. ಎರಡನೆಯದು ಅದೇ ಬದಿಯ ಎಂಜಿನ್ ಮೌಂಟ್ ಮತ್ತು ಟೈಮಿಂಗ್ ಬೆಲ್ಟ್. ಮೌಂಟ್ ಅಲ್ಯೂಮಿನಿಯಂನದು, ಬಗ್ಗುವುದಿಲ್ಲ, ಸೀಳುತ್ತೆ. ಬೆಲ್ಟ್ ಕವರ್ ಒಡೆದಿದ್ದರೆ ಒಳಗೆ ಚೂರು ಸೇರಿರಬಹುದು. ಬೆಲ್ಟ್ ಬಿಚ್ಚಿದಾಗ ವಾಟರ್ ಪಂಪನ್ನೂ ಬದಲಿಸಿ. ಇವುಗಳ ಹಳೇ ಪಂಪುಗಳ ಪ್ಲಾಸ್ಟಿಕ್ ರೆಕ್ಕೆ ಮುರಿದು ಎಂಜಿನ್ ಬಿಸಿಯಾದ ಕಥೆಗಳು ಬೇಕಾದಷ್ಟಿವೆ.

ಇಷ್ಟೆಲ್ಲ ಆದ ಮೇಲೂ ದುಡ್ಡು, ಉತ್ಸಾಹ ಎರಡೂ ಉಳಿದಿದ್ದರೆ ಬ್ರೇಕಿಗೆ ಬನ್ನಿ. ಯುರೋಪಿನ 180 ಅಶ್ವಶಕ್ತಿಯ ಆರ್‌ಎಸ್‌ನಲ್ಲಿ ಮುಂದೆ 312 ಮಿಲಿಮೀಟರಿನ ಡಿಸ್ಕ್ ಇತ್ತು. ಅದನ್ನು ಸರಿಯಾದ ಕ್ಯಾರಿಯರ್ (ಬ್ರೇಕ್ ಕ್ಯಾಲಿಪರ್ ಹಿಡಿಯುವ ಬ್ರಾಕೆಟ್) ಜೊತೆ ಇದಕ್ಕೂ ಕೂರಿಸಬಹುದು, ಚಕ್ರ 16 ಇಂಚಿನದಾದರೂ ಇರಬೇಕು. ಈ ಕಾರಿಗೆ ನಾನು ಮನಸಾರೆ ಒಪ್ಪುವ ಅಪ್‌ಗ್ರೇಡ್ ಇದೊಂದೇ. ಇದರ ಜೊತೆ ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್, ನಾಲ್ಕೂ ಒಂದೇ ಜಾತಿಯ ಟೈರು ಹಾಕಿಸಿ.

ರೀಮ್ಯಾಪ್ ಕಟ್ಟಕಡೆಗೆ. ನಮ್ಮ ದೇಶಕ್ಕೆ ಬಂದ 1.8 ಟರ್ಬೊ 150 ಅಶ್ವಶಕ್ತಿಯದು. ಆರೋಗ್ಯವಾಗಿದ್ದರೆ ಬರೀ ಮ್ಯಾಪ್‌ನಿಂದ 190ರ ಆಸುಪಾಸಿಗೆ ಹೋಗುತ್ತೆ. ಆರೋಗ್ಯ ಅಂದರೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಸಮ ಇರಬೇಕು, ಡೈವರ್ಟರ್ ವಾಲ್ವಿನ (ಆಕ್ಸಿಲರೇಟರ್ ಬಿಟ್ಟಾಗ ಬೂಸ್ಟನ್ನು ಬೇರೆಡೆ ತಿರುಗಿಸುವ ವಾಲ್ವು) ರಬ್ಬರ್ ಹರಿದಿರಬಾರದು, ಇಪ್ಪತ್ತು ವರ್ಷದ ವ್ಯಾಕ್ಯೂಮ್ ಪೈಪುಗಳು ಬದಲಾಗಿರಬೇಕು. ಆ ಮ್ಯಾಪ್‌ಗೆ ಕಡಿಮೆಯೆಂದರೂ 95 ಆಕ್ಟೇನಿನ ಪೆಟ್ರೋಲ್ ಹಾಕಿಸಬೇಕು. ಸ್ಪ್ರಿಂಗ್ ತಗ್ಗಿಸುವುದು ಎಂದರೆ ಗ್ಯಾಸ್ ಕಟರ್‌ನಲ್ಲಿ ಎರಡು ಸುತ್ತು ಕತ್ತರಿಸುವುದು ಎಂದು ನೀವು ಅಂದುಕೊಂಡಿದ್ದರೆ ಈ ಉತ್ತರವನ್ನು ಮೊದಲಿನಿಂದ ಮತ್ತೆ ಓದಿ.

ಪ್ರಶ್ನೆ: ನನ್ನ ಹಳೇ ಕಾರಿನ ಐಡಿವಿ (ಪಾಲಿಸಿಯಲ್ಲಿ ಬರೆದಿರುವ ಗಾಡಿಯ ಬೆಲೆ) 1.20 ಲಕ್ಷ. ರಿಪೇರಿ ಎಸ್ಟಿಮೇಟ್ 95 ಸಾವಿರ. ಇನ್ಶೂರೆನ್ಸ್‌ನವರು ‘ಟೋಟಲ್ ಲಾಸ್’ ಅನ್ನುತ್ತಿದ್ದಾರೆ. ಇದು ಮೋಸ ಅಲ್ಲವೇ? (ಬೆಂಗಳೂರು)

ಉತ್ತರ: ಅಲ್ಲ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಟೋಟಲ್ ಲಾಸ್. ನಿಮ್ಮದಕ್ಕೆ ಆ ಗೆರೆ 90 ಸಾವಿರ. ಐದು ವರ್ಷ ದಾಟಿದ ಗಾಡಿಯ ಐಡಿವಿ ನೀವೂ ಕಂಪನಿಯೂ ಮಾತಾಡಿ ಒಪ್ಪುವಂಥದ್ದು. ಪ್ರೀಮಿಯಂ ಉಳಿಸಲು ಕಡಿಮೆ ಬರೆಸಿ, ಗುದ್ದಿದ ಮೇಲೆ ಜಗಳ ಆಡುವವರೇ ಹೆಚ್ಚು. ರಬ್ಬರ್, ಪ್ಲಾಸ್ಟಿಕ್, ಏರ್‌ಬ್ಯಾಗ್‌ಗೆ ಶೇ 50 ಸವಕಳಿ ಕಳೆಯುತ್ತಾರೆ, ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೂ ಅಷ್ಟೇ. ರಿನ್ಯೂ ಮಾಡುವ ಮುಂಚೆ ಪಾಲಿಸಿ ಓದಿ.

ಪ್ರಶ್ನೆ: ನನ್ನ ಸ್ಯಾನ್ ಸ್ಟಾರ್ಮ್ ಸ್ಪೋರ್ಟ್ಸ್ ಕಾರಿನ ಮುಂಭಾಗ ಸೀಳಿದೆ. ಪುಟ್ಟಿ ಹಾಕಿ ಪೇಂಟ್ ಮಾಡಿದರೆ ಸಾಕಲ್ಲವೇ? (ಮಂಗಳೂರು)

ಉತ್ತರ: ಸಾಲದು. ಅದು ಫೈಬರ್ ಬಾಡಿ, ಪುಟ್ಟಿ ಒಂದು ಮಳೆಗಾಲ ದಾಟುವುದೂ ಕಷ್ಟ. ಸೀಳಿನ ತುದಿಯಲ್ಲಿ ಚಿಕ್ಕ ತೂತು ಕೊರೆದು ಅದು ಮುಂದುವರಿಯದಂತೆ ನಿಲ್ಲಿಸಿ. ಹಿಂದಿನಿಂದ ಅಗಲವಾಗಿ ಇಳಿಜಾರು ಉಜ್ಜಿ, ಮ್ಯಾಟ್ ಮತ್ತು ರೆಸಿನ್ ಪದರ ಪದರವಾಗಿ ಕೂರಿಸಿ. ಮನೆಯ ನೀರಿನ ಟ್ಯಾಂಕಿಗೆ ಫೈಬರ್ ಹಚ್ಚುವವರಲ್ಲಿ ಕೈ ಪಳಗಿದವರು ಈ ಕೆಲಸವನ್ನು ಎಷ್ಟೋ ಟಿಂಕರ್‌ಗಳಿಗಿಂತ ಚೆನ್ನಾಗಿ ಮಾಡುತ್ತಾರೆ. ಫೈಬರ್ ಬಗ್ಗುವುದಿಲ್ಲ, ಒಡೆಯುತ್ತೆ. ಹಾಗಾಗಿ ಮೇಲಿನ ಸೀಳು ಚಿಕ್ಕದೆಂದು ಮೋಸಹೋಗದೆ ಒಳಗಿನ ಉಕ್ಕನ್ನು ಅಳೆಯಿರಿ.

ಪ್ರಶ್ನೆ: ಗುದ್ದಿದ ಮಾರುತಿ ಜೆನ್‌ಗೆ ಮಾರುತಿ ಎಸ್ಟೀಮ್ ಎಂಜಿನ್ ಕೂರಿಸಬಹುದೇ? (ಮೈಸೂರು)

ಉತ್ತರ: ಕೂರುತ್ತೆ. ಗಾಡಿಯ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ, ಆರ್‌ಟಿಒ ಅನುಮತಿ ಕೈಗೆ ಬಂದ ಮೇಲೆ ಬರೆಯಿರಿ.

ಪ್ರಶ್ನೆ: ಆಕ್ಸಿಡೆಂಟ್ ಆದ ಗಾಡಿ ಅಪಶಕುನ, ಮಾರಿಬಿಡು ಅನ್ನುತ್ತಾರೆ ಮನೆಯಲ್ಲಿ. (ತುಮಕೂರು)

ಉತ್ತರ: ಪೂಜೆ ಮಾಡಿಸಿ, ಅಲೈನ್‌ಮೆಂಟನ್ನೂ ಮಾಡಿಸಿ. ಒಂದು ಮಾಡಿಸಿದೆ ಎಂದು ಇನ್ನೊಂದನ್ನು ಬಿಡಬೇಡಿ.

ಪ್ರಶ್ನೆ: ಟೈರಿಗೆ ನೈಟ್ರೋಜನ್ ತುಂಬಿಸಿದರೆ ಎಳೆತ ಕಡಿಮೆಯಾಗುತ್ತಾ? (ದಾವಣಗೆರೆ)

ಉತ್ತರ: ಇಲ್ಲ.

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇನೆ. ಎರಡನೇ ತಲೆಮಾರಿನ ಮಜ್ದಾ ಎಂಎಕ್ಸ್-5 ಅಗ್ಗಕ್ಕೆ ಸಿಗುತ್ತಿದೆ, ಆದರೆ ಇನ್ಶೂರೆನ್ಸ್‌ನವರು ಕೈಬಿಟ್ಟ ಗಾಡಿ, ಕೆಟಗರಿ ಎಸ್. ಕೊಳ್ಳಲೇ? (ಲೀಡ್ಸ್‌ನಲ್ಲಿರುವ ಕನ್ನಡಿಗರು)

ಉತ್ತರ: ನಿಮ್ಮಲ್ಲಿ 2017ರ ಅಕ್ಟೋಬರಿನಿಂದ ‘ಎಸ್’ ಅಂದರೆ ಗಾಡಿಯ ರಚನೆಗೇ ಪೆಟ್ಟು ಬಿದ್ದಿತ್ತು ಎಂದು, ‘ಎನ್’ ಅಂದರೆ ಬಿದ್ದಿರಲಿಲ್ಲ ಎಂದು. ರಿಪೇರಿಯ ಫೋಟೊ, ಬೆಂಚಿನ ಅಳತೆಯ ಶೀಟು ಎರಡೂ ಕೊಟ್ಟರೆ ಮಾತು ಮುಂದುವರಿಸಿ. ಆದರೆ ಆ ಕಾರಿನಲ್ಲಿ ನನಗೆ ಆಕ್ಸಿಡೆಂಟಿಗಿಂತ ತುಕ್ಕಿನ ಭಯ ಹೆಚ್ಚು. ನಿಮ್ಮ ಊರಿನಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದು ಮುಂದಿನ ಚಾಸಿಸ್ ರೈಲು ಮತ್ತು ಬಾಗಿಲ ಕೆಳಗಿನ ಸಿಲ್‌ಗಳನ್ನು ಒಳಗಿನಿಂದಲೇ ತಿಂದಿರುತ್ತೆ. ನೋಡಲು ಹೋಗುವಾಗ ಟಾರ್ಚ್ ಒಯ್ಯಿರಿ, ಹಿಂದಿನ ಚಕ್ರದ ಮುಂದಿರುವ ಸಿಲ್‌ನ ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಕರಕರ ಎಂದರೆ ಬೆಲೆ ಕೇಳುವ ಅಗತ್ಯವೂ ಇಲ್ಲ.