ಹ್ಯಾಂಪ್ಟನ್ ಕೋರ್ಟ್‌ಗೆ ಪೂರ್ತಿ ಬೋಟಿನಲ್ಲೇ ಬೇಡ

ಅಮ್ಮನ ಜೊತೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಿಂದ ಹ್ಯಾಂಪ್ಟನ್ ಕೋರ್ಟ್‌ವರೆಗೆ ಬೋಟಿನಲ್ಲೇ ಹೋಗಿ, ಅದೇ ದಿನ ಅಲ್ಲಿನ ಅರಮನೆಯನ್ನೂ ನೋಡಬಹುದಾ ಅಂತ ಕೇಳಿದ್ದೀರಿ. ನಾನಾದರೆ ಹಾಗೆ ಹೋಗಲ್ಲ. ದಾರಿಯಲ್ಲಿ ಸಿಗುವ ಟೆಡಿಂಗ್ಟನ್ ಲಾಕ್‌ವರೆಗೂ (ಬೋಟುಗಳನ್ನು ಬೇರೆ ನೀರಿನ ಮಟ್ಟಕ್ಕೆ ದಾಟಿಸುವ ಗೇಟುಗಳ ಕಟ್ಟೆ) ಥೇಮ್ಸ್ ನದಿಗೆ ಸಮುದ್ರದ ಉಬ್ಬರವಿಳಿತ ಇದೆ. ನೀರು ಎದುರಾದರೆ ಬೋಟು ತೆವಳುತ್ತೆ, ಮೂರು ಗಂಟೆ ದಾಟುವುದು ಮಾಮೂಲು. ಅಷ್ಟರಲ್ಲಿ ಅಮ್ಮನಿಗೂ ಸುಸ್ತು, ಅರಮನೆಗೂ ಹೊತ್ತಿಲ್ಲ.

ರೈಲಿನಲ್ಲಿ ಆ ಲಾಕ್‌ಗಿಂತ ಮೇಲಿರುವ ಕಿಂಗ್‌ಸ್ಟನ್‌ಗೆ ಬಂದು ಅಲ್ಲಿ ಬೋಟು ಹತ್ತಿ. ಲಾಕ್‌ನಿಂದ ಮೇಲಕ್ಕೆ ಉಬ್ಬರವಿಳಿತದ ರಗಳೆಯಿಲ್ಲ. ಬಲಗಡೆ ಕೂರಿ, ಅರಮನೆಯ ಉದ್ಯಾನ ಆ ದಡದಲ್ಲೇ. ಬೇಸಿಗೆಯಲ್ಲಿ ಮಾತ್ರ ಓಡುವ ಬೋಟುಗಳೇ ಹೆಚ್ಚು, ವೇಳಾಪಟ್ಟಿ ನೋಡಿಕೊಳ್ಳಿ.

ಅರಮನೆಯೊಳಗೆ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಅಡುಗೆಮನೆಗಳನ್ನು ಮೊದಲು ನೋಡಿ. ಇಡೀ ದರ್ಬಾರಿಗೆ ಊಟ ಬೇಯಿಸುತ್ತಿದ್ದ ಜಾಗ ಅದು. ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕಟ್ಟಿದ ಭಾಗ ಆಮೇಲೆ ನೋಡಿದರೂ ಆದೀತು. ವಾಪಸಾಗಲು ಸೇತುವೆಯಾಚೆ ರೈಲು ನಿಲ್ದಾಣ, ಅಲ್ಲಿಂದ ನೇರ ಲಂಡನ್ನಿನ ವಾಟರ್‌ಲೂ ನಿಲ್ದಾಣಕ್ಕೆ.