ಬಣ್ಣದ ಹೊರೆ ಯಾರ ಹೆಗಲಿಗೆ?

ಹಾವೇರಿ ಜಿಲ್ಲೆಯ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಮಗಳು ಬಿ.ಎಡ್. ಮುಗಿಸಿ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಾಳೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತ್ ಮುಗಿಸಿ ಹೋದ ಮೇಲೆ, ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣವೊಂದು ಸ್ವಲ್ಪ ಕಡಿಮೆಯಾಯಿತು’ ಎಂದು ಮಧ್ಯಸ್ಥರ ಕೈಯಲ್ಲಿ ಹೇಳಿ ಕಳುಹಿಸಿದರಂತೆ. ಹೀಗಾಗುತ್ತಿರುವುದು ಮೊದಲ ಸಲವೇನಲ್ಲ. ಮಗಳು ಕೆಲವು ತಿಂಗಳಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬೊಂದನ್ನು ಮುಖಕ್ಕೆ ಹಚ್ಚುತ್ತಿದ್ದಾಳೆ. ಮೊದಮೊದಲು ಮುಖ ತಿಳಿಯಾದಂತೆ ಕಂಡಿತು. ಈಗ ಬಿಸಿಲಿಗೆ ಹೋದರೆ ಉರಿ, ಹಚ್ಚುವುದನ್ನು ಬಿಟ್ಟರೆ ಮೊಡವೆ. ‘ಬೆಳ್ಳಗಿರಬೇಕೆಂಬ ಈ ಹುಚ್ಚು ಬ್ರಿಟಿಷರು ಬಿಟ್ಟುಹೋದದ್ದು. ಹೆಣ್ಣುಮಕ್ಕಳಲ್ಲಿ ಆತ್ಮವಿಶ್ವಾಸ ತುಂಬುವ ಲೇಖನಮಾಲೆಯನ್ನು ನೀವು ಆರಂಭಿಸಬಾರದೇ?’ ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ಉಳಿದ ಮಾತಿಗಿಂತ ಮೊದಲು ಆ ಟ್ಯೂಬಿನ ವಿಚಾರ. ಅದರ ಮೇಲಿನ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಿ ನೋಡಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಇವುಗಳಲ್ಲಿ ಯಾವುದೊಂದು ಹೆಸರಿದ್ದರೂ ಅದು ಸ್ಟೀರಾಯ್ಡ್ ಸೇರಿದ ಔಷಧಿ, ಸೌಂದರ್ಯವರ್ಧಕವಲ್ಲ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮವನ್ನು ಬಿಗಿಗೊಳಿಸಿದೆ, ಆದರೂ ಕೇಳಿದವರಿಗೆ ಸಿಗುತ್ತಲೇ ಇದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಕೆಲವರಿಗೆ ಮುಖದಲ್ಲಿ ಕೂದಲೂ ಬೆಳೆಯುತ್ತದೆ. ಬಿಟ್ಟೊಡನೆ ಉರಿ, ಮೊಡವೆ ಮರುಕಳಿಸುವುದರಿಂದ ಮತ್ತೆ ಅದನ್ನೇ ಹಚ್ಚುವ ಸುಳಿಗೆ ಹುಡುಗಿಯರು ಸಿಕ್ಕಿಬೀಳುತ್ತಾರೆ. ನಿಮ್ಮ ಪತ್ರದಲ್ಲಿರುವ ವಿವರಗಳು ಇದನ್ನೇ ಹೋಲುತ್ತವೆ. ಆದ್ದರಿಂದ ಮನೆಮದ್ದಿಗೆ ಹೋಗದೆ, ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಚರ್ಮರೋಗ ತಜ್ಞರ ಬಳಿ ಹೋಗಿ. ಅದನ್ನು ಹೇಗೆ ಬಿಡಿಸಬೇಕೆಂಬುದನ್ನು ಅವರೇ ನಿರ್ಧರಿಸಲಿ. ಟ್ಯೂಬಿನ ಮೇಲೆ ತಯಾರಕರ ವಿಳಾಸವೇ ಇಲ್ಲದಿದ್ದರೆ ಇನ್ನೂ ಎಚ್ಚರ ಬೇಕು. ಕೇರಳದ ಕೋಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡ ಕಾಯಿಲೆಗೆ ಚಿಕಿತ್ಸೆ ಪಡೆದ 22 ಮಂದಿಯಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸುತ್ತಿದ್ದವರೆಂದು ಅಲ್ಲಿನ ವೈದ್ಯರು ವರದಿ ಮಾಡಿದ್ದಾರೆ. ಇಂಥ ಕ್ರೀಮುಗಳಲ್ಲಿ ಸೇರಿರುವ ಪಾದರಸವು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉತ್ಪತ್ತಿಯನ್ನು ತಡೆಯುತ್ತದೆ, ಅದೇ ಪಾದರಸ ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ.

ಬ್ರಿಟಿಷರ ಪಾಲು ಇಲ್ಲವೆನ್ನಲಾರೆ. 1901ರ ಜನಗಣತಿಯ ಹೊಣೆ ಹೊತ್ತಿದ್ದ ಹರ್ಬರ್ಟ್ ರಿಸ್ಲಿ, ಮೂಗಿನ ಉದ್ದಗಲಗಳ ಅಳತೆಯಿಂದಲೇ ಜಾತಿಗಳ ಮೇಲುಕೀಳನ್ನು ವಿವರಿಸಬಹುದೆಂದು ವಾದಿಸಿದ ಅಧಿಕಾರಿ. ಆದರೆ ಬಿಸಿಲಿನಲ್ಲಿ ದುಡಿಯುವವರ ಮೈಬಣ್ಣವನ್ನು ನೆರಳಿನಲ್ಲಿ ಕುಳಿತವರ ಮೈಬಣ್ಣಕ್ಕಿಂತ ಕೀಳಾಗಿ ಕಾಣುವ ಜಾತಿಯ ಕಣ್ಣು ನಮ್ಮದೇ. ಅದನ್ನು ಯಾರೂ ಹಡಗಿನಲ್ಲಿ ತಂದು ಇಳಿಸಲಿಲ್ಲ. ನಿಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗುವ ಮುಂಡಗೋಡಿನಲ್ಲಿ, ಆಚೆ ಯಲ್ಲಾಪುರ, ಹಳಿಯಾಳಗಳಲ್ಲಿ ಸಿದ್ದಿ ಜನರಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಅವರು. ಕನ್ನಡ, ಕೊಂಕಣಿ ಆಡುತ್ತ ತಲೆಮಾರುಗಳಿಂದ ಇಲ್ಲೇ ಬದುಕಿದ್ದರೂ, ಅವರ ಹೆಣ್ಣುಮಕ್ಕಳು ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ‘ನೀವು ಯಾವ ದೇಶದವರು?’ ಎಂಬ ಪ್ರಶ್ನೆಯನ್ನೂ ಗುಂಗುರು ಕೂದಲಿನ ಬಗೆಗಿನ ನಗೆಯನ್ನೂ ಎದುರಿಸಬೇಕಾಗುತ್ತದೆ. 2016ರ ಜನವರಿಯಲ್ಲಿ ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರಿನಿಂದ ಅಪಘಾತವಾದಾಗ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಮೈಬಣ್ಣ ಒಂದೇ ಎಂಬುದಷ್ಟೇ ಆ ಗುಂಪಿಗೆ ಸಾಕಾಗಿತ್ತು. ವಧುಪರೀಕ್ಷೆಯ ಜಗಲಿಯಲ್ಲಿ ಆಗುವುದು ಇದರಷ್ಟು ಕ್ರೂರವಲ್ಲ, ನಿಜ. ಆದರೆ ನೋಡುವ ಕಣ್ಣು ಅದೇ.

ಇನ್ನು ನೀವು ಕೇಳಿದ ಲೇಖನಮಾಲೆ. ಅದನ್ನು ಆರಂಭಿಸುವ ಮನಸ್ಸು ನನಗಿಲ್ಲ. ನಿಮ್ಮ ಮಗಳಲ್ಲಿ ಆತ್ಮವಿಶ್ವಾಸದ ಕೊರತೆಯಿದೆಯೆಂದು ನಿಮ್ಮ ಪತ್ರದಿಂದ ನನಗೆ ತೋರಲಿಲ್ಲ. ಓದಿದ್ದಾಳೆ, ದುಡಿಯುತ್ತಿದ್ದಾಳೆ, ತುಂಬಿದ ತರಗತಿಯ ಎದುರು ದಿನವೂ ನಿಲ್ಲುತ್ತಾಳೆ. ಅವಳಿಗೆ ಬೆಲೆ ಕಟ್ಟಲು ಬಂದವರು ಕಡಿಮೆ ಬೆಲೆ ಹೇಳಿ ಹೋದರು. ಆ ಬೆಲೆಯನ್ನು ನಂಬಿದ್ದಕ್ಕಿಂತ ಹೆಚ್ಚಾಗಿ, ಅದರ ಪರಿಣಾಮವನ್ನು ಲೆಕ್ಕಹಾಕಿ ಅವಳು ಟ್ಯೂಬು ಕೊಂಡಿರಬಹುದು. ಬಣ್ಣ ಕಡಿಮೆಯೆಂದರೆ ವರದಕ್ಷಿಣೆಯ ಮಾತು ಮೇಲೇರುತ್ತದೆಂಬುದು ಅವಳಿಗೂ ಗೊತ್ತು, ನಿಮಗೂ ಗೊತ್ತು. ಹೀಗಿರುವಾಗ ‘ನಿನ್ನನ್ನು ನೀನು ಪ್ರೀತಿಸು’ ಎಂದು ಪುಟಗಟ್ಟಲೆ ಬೋಧಿಸಿದರೆ, ಬೆಳ್ಳಗಾಗುವ ಕೆಲಸದ ಜೊತೆಗೆ ಬೇಸರಪಡದೆ ಇರುವ ಕೆಲಸವನ್ನೂ ಅವಳ ತಲೆಗೇ ಕಟ್ಟಿದಂತಾಗುತ್ತದೆ. ಕೃಷ್ಣನೂ ಕಪ್ಪು, ದ್ರೌಪದಿಯೂ ಕಪ್ಪು ಎಂಬ ಸಮಾಧಾನವೂ ನನಗೆ ರುಚಿಸುವುದಿಲ್ಲ. ಕ್ಯಾಲೆಂಡರಿನಲ್ಲಿ ಆ ಕೃಷ್ಣನಿಗೇ ನೀಲಿ ಬಳಿದವರು ನಾವು.

ಆತ್ಮವಿಶ್ವಾಸವೆಂಬುದು ಕ್ರೀಮು ಮಾರುವವರಿಗೂ ಬಹಳ ಒಗ್ಗಿದ ಸರಕು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿಯ ಜಾಹೀರಾತುಗಳಲ್ಲಿ ಹುಡುಗಿ ಬೆಳ್ಳಗಾದೊಡನೆ ಕೆಲಸವೋ ವರನೋ ಒದಗಿಬರುತ್ತಿದ್ದುದು ನಿಮಗೂ ನೆನಪಿರಬಹುದು. ಕಪ್ಪು ಮೈಬಣ್ಣದವರನ್ನು ಸೋತವರಂತೆ, ಮದುವೆ ಅಥವಾ ಕೆಲಸ ಸಿಗದವರಂತೆ ತೋರಿಸಬಾರದೆಂದು 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ ಸೂತ್ರಗಳನ್ನು ರೂಪಿಸಿತು. 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತು ಜಗತ್ತೆಲ್ಲ ಪ್ರತಿಭಟನೆಯೆದ್ದ ಮೇಲೆ ಆ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಆಯಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದ ಮೇಲೆ ಹುಡುಕುವ ಸೌಲಭ್ಯವನ್ನು ತೆಗೆದುಹಾಕಿತು. ಇವು ಬೇಡವಾದ ಬದಲಾವಣೆಗಳಲ್ಲ. ಆದರೆ ನಮ್ಮ ಊರುಗಳ ಫೋಟೊ ಸ್ಟುಡಿಯೋಗಳಲ್ಲಿ ಹೆಣ್ಣಿನ ಫೋಟೊವನ್ನು ಕೇಳದೆಯೇ ಎರಡು ಪಟ್ಟು ಬೆಳ್ಳಗೆ ಮಾಡಿಕೊಡುವುದು ನಿಂತಿಲ್ಲ, ತಾನು ಎಣ್ಣೆಗಪ್ಪಾಗಿರುವ ವರನು ‘ಹುಟ್ಟುವ ಮಕ್ಕಳಾದರೂ ಬೆಳ್ಳಗಿರಲಿ’ ಎಂಬ ನೆಪದಲ್ಲಿ ಗೌರವರ್ಣದ ಹುಡುಗಿಯನ್ನು ಕೇಳುವುದೂ ನಿಂತಿಲ್ಲ.

ಹಾಗಾಗಿ ನನ್ನ ಸಲಹೆ ಮಗಳಿಗಲ್ಲ, ನಿಮಗೆ ಮತ್ತು ನಿಮ್ಮ ಯಜಮಾನರಿಗೆ. ತಿದ್ದಿದ ಫೋಟೊ ಕಳುಹಿಸಬೇಡಿ. ಅದನ್ನು ನೋಡಿ ಬಂದವರು ಮೊದಲು ಫೋಟೊವನ್ನೂ ಆಮೇಲೆ ಅವಳ ಮುಖವನ್ನೂ ನೋಡುವ ಆ ಗಳಿಗೆ ಅವಳಿಗೆ ಬೇಡ. ಬಣ್ಣದ ಮಾತೆತ್ತುವ ಮನೆಯಾದರೆ ಬರುವುದೇ ಬೇಡವೆಂದು ಮಧ್ಯಸ್ಥರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಿಬಿಡಿ. ಇದರಿಂದ ಬರುವ ಸಂಬಂಧಗಳು ಕಡಿಮೆಯಾಗಬಹುದು, ಬಂಧುಗಳು ನಿಮ್ಮನ್ನು ಜಂಬದವರೆಂದು ಆಡಿಕೊಳ್ಳಲೂಬಹುದು. ಆ ಮಾತುಗಳನ್ನು ಮಗಳ ಬದಲು ನೀವು ಕೇಳಿಸಿಕೊಳ್ಳಬೇಕಾಗುತ್ತದೆ. ನಿಮಗೊಬ್ಬ ಮಗನೂ ಇದ್ದಾನೆಂದು ಬರೆದಿದ್ದೀರಿ. ಅವನಿಗೆ ಹೆಣ್ಣು ನೋಡಲು ಹೋಗುವ ಕಾಲ ಬಂದಾಗ, ಹಿಂತಿರುಗುವ ದಾರಿಯಲ್ಲಿ ಕಾರಿನೊಳಗೆ ನಡೆಯುವ ಮಾತುಕತೆಯಲ್ಲಿ ನೀವೂ ಇರುತ್ತೀರಿ.

— ಸಂಪಾದಕ